ಚಿಕ್ಕವ್ವನ ಟೆನ್ಷನ್ನು

ಕೆಂಪು ಪೆನ್ನು ಹುಡುಕುತ್ತಿದ್ದವಳಿಗೆ ರೇಷ್ಮೆ ಗೂಡು ಸಿಕ್ಕಿತು. ನಮ್ಮ ಮನೆಯಲ್ಲಿ ಪೆನ್ನುಗಳಿರುವುದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಅದರೊಳಗೆ ಪೆನ್ನಿಗಿಂತ ಪೆನ್ನಲ್ಲದ ವಸ್ತುಗಳೇ ಜಾಸ್ತಿ. ರಬ್ಬರ್ ಬ್ಯಾಂಡು, ಬೀಗ ಕಳೆದುಹೋದ ಕೀಲಿಕೈ, ರವಿಕೆಯಿಂದ ಕಿತ್ತುಬಂದ ಹುಕ್ಕು. ತಳದಲ್ಲಿ ಕೈಯಾಡಿಸುವಾಗ ಹಗುರವಾದದ್ದೊಂದು ಬೆರಳಿಗೆ ತಗುಲಿತು. ಕಡಲೆಕಾಯಿ ಗಾತ್ರದ ಹಳದಿ ಗೂಡು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಒಣಗಿದ ಹುಳ ಟಿಕ್ ಟಿಕ್ ಎನ್ನುತ್ತದೆ. ಮೂಸಿ ನೋಡಿದೆ. ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ ಎಲ್ಲ ಸೇರಿದ ಹುಳದ ಮನೆಯ ವಾಸನೆ ಅದರಲ್ಲಿ ಇನ್ನೂ ಉಳಿದಿತ್ತು. ಅಥವಾ ನನ್ನ ಮೂಗಿನಲ್ಲಿ ಉಳಿದಿತ್ತೋ ಏನೋ. ಪೆನ್ನು ಮರೆತು ಅಲ್ಲೇ ಕೂತುಬಿಟ್ಟೆ.

ಪೆನ್ನು ಬೇಕಾಗಿದ್ದುದು ಒಂದು ರಜಾ ಚೀಟಿಗೆ ಸಹಿ ಹಾಕಲು. ನಾನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಹತ್ತನೇ ತರಗತಿಯ ಕ್ಲಾಸ್ ಟೀಚರೂ ಹೌದು. ಹಾಗಾಗಿ ಮಕ್ಕಳ ರಜಾ ಚೀಟಿಗಳೆಲ್ಲ ನನ್ನ ಕೈಗೇ ಬರುತ್ತವೆ. ಅವುಗಳಲ್ಲಿ ಇರುವ ಕಾರಣಗಳು ನಾಲ್ಕಾರು ಮಾತ್ರ. ಹೊಟ್ಟೆನೋವು, ನೆಂಟರ ಮದುವೆ, ಅಜ್ಜಿಯ ತಿಥಿ. ಒಬ್ಬನೇ ಹುಡುಗ ಒಂದೇ ವರ್ಷದಲ್ಲಿ ಮೂವರು ಅಜ್ಜಿಯರನ್ನು ಕಳೆದುಕೊಂಡದ್ದನ್ನೂ ನಾನು ಕಂಡಿದ್ದೇನೆ, ಮುಖ ಸಪ್ಪೆ ಮಾಡಿಕೊಂಡು ಸಹಿ ಹಾಕಿದ್ದೇನೆ. ಮೊನ್ನೆ ಶುಕ್ರವಾರ ಭವ್ಯ ಎಂಬ ಹುಡುಗಿ ಕೊಟ್ಟ ಚೀಟಿ ಬೇರೆ ಥರ ಇತ್ತು. ‘ಮಾನ್ಯರೇ, ನನಗೆ ಟೆನ್ಷನ್ ಇದ್ದ ಕಾರಣ ಎರಡು ದಿನ ಶಾಲೆಗೆ ಬರಲು ಆಗಲಿಲ್ಲ.’ ಅಷ್ಟೇ. ಕೆಳಗೆ ‘ತಮ್ಮ ವಿಧೇಯ ವಿದ್ಯಾರ್ಥಿನಿ’. ಮೇಜಿನ ಮೇಲೆ ಇಟ್ಟವಳೇ ಹೊರಟುಹೋದಳು. ನಾನು ಬ್ಯಾಗಿಗೆ ತುರುಕಿಕೊಂಡು ಮನೆಗೆ ತಂದೆ.

ಹಿಂದಿನ ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂಬುದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಆ ಇಂಗ್ಲಿಷ್ ಪದಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ‘ಕನ್ನಡದಲ್ಲಿ ಬರೆ’ ಎಂದು ಗೀಚಿ ವಾಪಸು ಕೊಡುತ್ತಿದ್ದೆ. ನನಗೆ ಇಂಗ್ಲಿಷಿನ ಮೇಲೆ ದ್ವೇಷವೇನಿರಲಿಲ್ಲ, ಟೆನ್ಷನ್ ಎಂಬ ಆ ಒಂದು ಪದದ ಮೇಲೆ ಮಾತ್ರ ಹಟವಿತ್ತು. ಕಳವಳ, ದುಗುಡ, ತಳಮಳ, ಆತಂಕ, ಬೇಗುದಿ, ಕಸಿವಿಸಿ ಎಂದು ಮನಸ್ಸಿನ ಒಂದೊಂದು ಸಂಕಟಕ್ಕೂ ಒಂದೊಂದು ಪದ ಇರುವಾಗ, ಎಲ್ಲದಕ್ಕೂ ಒಂದೇ ಗೋಣಿಚೀಲ ಯಾಕೆ ಎಂಬುದು ನನ್ನ ವಾದ. ಈ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದೆ. ನಾನು ಒಳಗೆ ಬಂದರೆ ಉಳಿದ ಮೇಷ್ಟ್ರುಗಳು ಮಾತನ್ನು ಅರ್ಧಕ್ಕೇ ನುಂಗುತ್ತಿದ್ದರು. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ಆದರೆ ಊರನ್ನು ತಿದ್ದುವುದಕ್ಕೆ ಆಗುತ್ತದೆಯೇ? ಬಸ್ಸು ಹತ್ತಿದರೆ ಕಂಡಕ್ಟರ್, “ಆಧಾರ್ ತಗ್ದು ಕೈಲಿ ಇಟ್ಕೊಳ್ರಮ್ಮ, ಟೆನ್ಷನ್ ಕೊಡ್ಬೇಡಿ” ಎನ್ನುತ್ತಾನೆ. ಟೀ ಅಂಗಡಿಯಲ್ಲಿ ಒಬ್ಬ ಇನ್ನೊಬ್ಬನಿಗೆ, “ಟೆನ್ಷನ್ ಬುಡ್ಲಾ, ಬನ್ ತಿನ್ನು” ಎನ್ನುತ್ತಾನೆ. ಒಬ್ಬರು ಕೊಡುವುದು, ಇನ್ನೊಬ್ಬರು ತಗೊಳ್ಳುವುದು, ಕೆಲವರು ತಾವೇ ಮಾಡಿಕೊಳ್ಳುವುದು. ಎಲ್ಲೋ ಹುಟ್ಟಿದ ಪದ ನಮ್ಮ ತಾಲ್ಲೂಕಿಗೆ ಬಂದು ಇಷ್ಟು ಜನರ ಕೈಬದಲಾಗುತ್ತಿತ್ತು. ಅವರಲ್ಲೆಲ್ಲ ಅದನ್ನು ಅತಿ ಹೆಚ್ಚು ಬಳಸುತ್ತಿದ್ದವಳು ನನ್ನ ಚಿಕ್ಕವ್ವ.

ಚಿಕ್ಕವ್ವ ಎಂದರೆ ನಮ್ಮಮ್ಮನ ತಂಗಿ ಮಾದೇವಮ್ಮ. ಅವಳ ಊರು ಬನ್ನೂರಿನ ಹತ್ತಿರದ ಒಂದು ಹಳ್ಳಿ. ನಂಜನಗೂಡಿನಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬನ್ನೂರು ಕಡೆಗೆ ಇನ್ನೊಂದು, ಇಳಿದ ಮೇಲೆ ನಾಲೆ ಏರಿಯ ಮೇಲೆ ಅರ್ಧ ಗಂಟೆಯ ನಡಿಗೆ. ಸುತ್ತ ಎಲ್ಲರೂ ಭತ್ತ, ಕಬ್ಬು ಬೆಳೆದರೆ ಚಿಕ್ಕಪ್ಪ ಒಂದೂವರೆ ಎಕರೆಗೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಸಾಕುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಬೇಸಿಗೆ ರಜವನ್ನೆಲ್ಲ ಅಲ್ಲೇ ಕಳೆದ ನಾನೇ ಮಗಳು. ಚಿಕ್ಕವ್ವ ನನ್ನನ್ನು ‘ಮಗ’ ಎಂದೇ ಕರೆಯುವುದು. ನನಗೆ ಕೂದಲು ಬೆಳ್ಳಗಾದ ಮೇಲೂ ಹಾಗೇ.

ಚಿಕ್ಕವ್ವನ ಟೆನ್ಷನ್ನಿಗೆ ಇಂಥದೇ ಕಾರಣ ಬೇಕು ಎಂದೇನಿರಲಿಲ್ಲ. ನೆಂಟರು ಬಂದರೆ, “ಉಪ್ಪಿಟ್ಟು ಗಂಟಾಯ್ತದೇನೋ, ಟೆನ್ಷನ್ ಕಣವ್ವ.” ನೆಂಟರು ಬರದಿದ್ದರೆ, “ಬತ್ತೀವಿ ಅಂದೋರು ಬರ್ನಿಲ್ಲ, ಟೆನ್ಷನ್ನು.” ಹಸು ಈಯುವ ಮೊದಲು ಒಂದು ವಾರ ಟೆನ್ಷನ್, ಈದ ಮೇಲೆ ಕರು ಹಾಲು ಕುಡಿಯುವವರೆಗೆ ಇನ್ನೊಂದು ಟೆನ್ಷನ್. ನನಗೆ ಕೆಲಸ ಸಿಕ್ಕಿದ ಸುದ್ದಿ ಹೇಳಲು ಹೋದಾಗಲಂತೂ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಯ್ಯೋ, ನಂಗೆ ಟೆನ್ಷನ್ ಆಗ್ಬುಡ್ತು ಮಗ” ಎಂದಳು. ಸಂತೋಷಕ್ಕೂ ಅದೇ ಪದ. ಕೇಳಿ ನನಗೆ ಮೈ ಉರಿದುಹೋಗುತ್ತಿತ್ತು.

ಆರೇಳು ವರ್ಷದ ಹಿಂದೆ ಒಂದು ದಸರಾ ರಜದಲ್ಲಿ ಅವಳನ್ನು ತಿದ್ದಲು ಹೊರಟೆ. ಹುಳದ ಮನೆಯ ಮುಂದೆ ಕೂತು ಸೊಪ್ಪು ಹೆಚ್ಚುತ್ತಿದ್ದಳು. ನಾನು ಗೋಡೆಗೆ ಅಂಟಿಸಿದ ಪಟ್ಟಿಯನ್ನೇ ಬಾಯಿಪಾಠ ಒಪ್ಪಿಸಿದೆ. ಹಸುವಿಗೆ ಆತಂಕ ಅನ್ನಬೇಕು, ಉಪ್ಪಿಟ್ಟಿಗೆ ಕಳವಳ ಸಾಕು, ನೆಂಟರು ಬರದಿದ್ದರೆ ಅದು ಬೇಸರ.

ಚಿಕ್ಕವ್ವ ಎಲ್ಲ ಕೇಳಿಸಿಕೊಂಡು ನಕ್ಕಳು. “ಇಷ್ಟೊಂದ್ ತಕಂಡು ನಾನ್ ಎಲ್ಲಿ ಮಡಗ್ಲಿ ಮಗ? ನಂಗೆ ಒಂದೇ ಸಾಕು ಕಣವ್ವ.”

“ಹಂಗಲ್ಲ ಚಿಕ್ಕವ್ವ. ಯಾವಾಗ್ಲೂ ಟೆನ್ಷನ್ ಟೆನ್ಷನ್ ಅಂತಿದ್ರೆ ಕೇಳೋರಿಗೂ ಬೇಜಾರು” ಎಂದೆ.

ಅವಳು ಕತ್ತೆತ್ತಿ ನೋಡಿದಳು. “ಬೇಜಾರಾ?” ಎಂದು ಕೇಳಿದಳು. ಮತ್ತೆ ಸೊಪ್ಪು ಹೆಚ್ಚತೊಡಗಿದಳು. ಆ ನೋಟವನ್ನು ನಾನು ಆಗ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ, ಮತ್ತು ಪಾಠ ನಾಟಿತು ಎಂದುಕೊಂಡೆ.

ಪಾಠ ನಾಟಿದ ಹಾಗೇ ಕಂಡಿತು. ಸಂಕ್ರಾಂತಿ ಹೊತ್ತಿಗೆ ಹೋದಾಗ ಇಡೀ ದಿನದಲ್ಲಿ ಚಿಕ್ಕವ್ವ ಒಂದು ಸಲವೂ ಆ ಪದ ಆಡಲಿಲ್ಲ. ನಾನು ಪರೀಕ್ಷೆ ಮಾಡಲೆಂದೇ, “ಹಸು ಹೆಂಗಿದೆ?” ಎಂದು ಕೇಳಿದೆ. “ಅದೆ” ಎಂದಳು. “ಹುಳ?” ಎಂದರೆ “ಅವೆ” ಎಂದಳು. ಎಳ್ಳು ಬೆಲ್ಲ ಕೊಟ್ಟು ಸುಮ್ಮನೆ ಕೂತಳು. ವಾಪಸು ಬರುವಾಗ ನಾಲೆ ಏರಿಯವರೆಗೆ ಬಂದ ಚಿಕ್ಕಪ್ಪನಿಗೆ ನಾನು ಹೆಮ್ಮೆಯಿಂದ ಹೇಳಿದೆ, ಚಿಕ್ಕವ್ವ ಸುಧಾರಿಸಿದ್ದಾಳೆ ಎಂದು. ಅವರು ಒಂದು ಗಳಿಗೆ ಯೋಚಿಸಿ, “ಊಂ ಕಣವ್ವ. ಈಗ ತಂಟೆ ಇಲ್ಲ, ತಕರಾರಿಲ್ಲ. ಗಪ್‌ಚಿಪ್ಪಾಗವ್ಳೆ” ಎಂದರು. ಸೋಮವಾರ ಸ್ಟಾಫ್ ರೂಮಿನಲ್ಲಿ ಈ ಗೆಲುವನ್ನು ಎಲ್ಲರಿಗೂ ಹೇಳಿಕೊಂಡೆ. ಆಮೇಲೆ ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಉತ್ತರ, “ಸಂದಾಗಿವ್ನಿ.” ನನಗೆ ಅಷ್ಟೇ ಸಾಕಿತ್ತು.

ಮುಂದಿನದು ನಿಮಗೆ ತಿಳಿಯಬೇಕಾದರೆ ರೇಷ್ಮೆ ಹುಳದ ವಿಷಯ ಒಂದಿಷ್ಟು ಗೊತ್ತಿರಬೇಕು. ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಹಗಲೂ ರಾತ್ರಿ ಸರಸರ ಸೊಪ್ಪು ತಿನ್ನುತ್ತಿದ್ದ ಹುಳ ಇದ್ದಕ್ಕಿದ್ದಂತೆ ತಲೆಯೆತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಯಾರೂ ಒಳಗೆ ಓಡಾಡಬಾರದು. ಸುಣ್ಣದ ಪುಡಿ ಉದುರಿಸಿ, ಗಾಳಿ ಆಡುವ ಹಾಗೆ ಬಿಟ್ಟು ಬರಬೇಕು. ಒಂದು ದಿನವೋ ಒಂದೂವರೆ ದಿನವೋ ಕಳೆದರೆ ತಾನೇ ಹಳೆಯ ಚರ್ಮ ಕಳಚಿ ಎದ್ದು, ಹಸಿದು, ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ಹುಳ ಸಾಕುವವರಿಗೆ ಬೇರೆ ಎಲ್ಲಕ್ಕಿಂತ ಮೊದಲು ಬರಬೇಕಾದ ವಿದ್ಯೆ ಎಂದರೆ ಹೀಗೆ ಸುಮ್ಮನಿರುವುದು. ಚಿಕ್ಕಪ್ಪನಿಗೆ ಆ ವಿದ್ಯೆ ಚೆನ್ನಾಗಿ ಬರುತ್ತಿತ್ತು.

ಬೇಸಿಗೆ ರಜಕ್ಕೆ ಹೋದವಳು ಹೊಸಲು ದಾಟುವಾಗಲೇ ನಿಂತೆ. ಮನೆ ತಣ್ಣಗಿತ್ತು. ಟಿವಿಯ ಮೇಲೆ ಟವೆಲ್ ಹೊದಿಸಿತ್ತು. ಗೋಡೆ ಗಡಿಯಾರದ ಸೆಲ್ಲನ್ನೂ ಯಾರೋ ತೆಗೆದಿದ್ದರು. ನಡುಮನೆಯಲ್ಲಿ ಚಿಕ್ಕವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಗಲು ಹನ್ನೊಂದು ಗಂಟೆಗೆ ಅವಳು ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕರೆಯಲು ಬಾಯಿ ತೆರೆದೆ. ಚಿಕ್ಕಪ್ಪ ಅಡುಗೆಮನೆಯಿಂದ ಕೈಯಲ್ಲಿ ಸೌಟು ಹಿಡಿದು ಬಂದವರು ತುಟಿಯ ಮೇಲೆ ಬೆರಳಿಟ್ಟರು.

“ಜ್ವರಕ್ಕೆ ಕೂತವ್ಳೆ. ಎದ್ದೇಳ್ತಾಳೆ ಬುಡು” ಎಂದು ಪಿಸುಗುಟ್ಟಿದರು.

ಮೈ ಮುಟ್ಟಿದರೆ ಬಿಸಿಯಿರಲಿಲ್ಲ. ಅವರು ಹೇಳಿದ್ದು ಹುಳದ ಜ್ವರವನ್ನು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಾಪ, ಚಿಕ್ಕಪ್ಪ ಒಂದನ್ನೂ ಬಿಟ್ಟಿರಲಿಲ್ಲ. ಗಂಡಸರು ಒಲೆಯ ಹತ್ತಿರ ಬಾರದ ಆ ಮನೆಯಲ್ಲಿ ತಾವೇ ಮುದ್ದೆ ತಿರುವುತ್ತಿದ್ದರು. ಮಾತಾಡಿಸಲು ಬಂದವರನ್ನು ಜಗುಲಿಯಿಂದಲೇ ವಾಪಸು ಕಳಿಸುತ್ತಿದ್ದರು. ಊಟ ಬೇಡ ಎಂದರೆ ಬಲವಂತ ಮಾಡುತ್ತಿರಲಿಲ್ಲ. ಕಿಟಕಿ ತೆರೆದಿಟ್ಟಿದ್ದರು. ನಲವತ್ತು ವರ್ಷದಲ್ಲಿ ಕಲಿತ ಪ್ರೀತಿಯನ್ನೆಲ್ಲ ಸುರಿದಿದ್ದರು, ಹುಳಕ್ಕೆ ಹೇಗೋ ಹಾಗೆ. ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಸತ್ಯ ಹೇಳುತ್ತೇನೆ, ನಾನೂ ಅರ್ಧ ಒಪ್ಪಿಬಿಟ್ಟೆ. ಇರಲಿ, ವಿಶ್ರಾಂತಿ ತಗೊಳ್ಳಲಿ ಎಂದು ಚಾಪೆಯಿಂದ ದೂರ ಕೂತೆ.

ನಮ್ಮಿಬ್ಬರ ಈ ಜಾಣತನವನ್ನು ಮುರಿದವಳು ಕೆಂಪಮ್ಮ. ಸೊಪ್ಪು ಕೊಯ್ಯಲು ಬರುತ್ತಿದ್ದ ಮುದುಕಿ. ಹೊರೆಯನ್ನು ಅಂಗಳದಲ್ಲಿ ದೊಪ್ಪನೆ ಹಾಕಿ, ಚಿಕ್ಕಪ್ಪ ಬಾಯಿಯ ಮೇಲೆ ಬೆರಳಿಟ್ಟದ್ದನ್ನು ಲೆಕ್ಕಿಸದೆ ಗಟ್ಟಿಯಾಗಿ ಕೇಳಿದಳು.

“ಅಣ್ಣಯ್ಯ, ಉಳ ಎಷ್ಟ್ ದಿನ ಜ್ವರಕ್ಕೆ ಕೂತದೆ?”

“ನಿಂಗೊತ್ತಿಲ್ವಾ? ಒಂದಿನ. ಮೋಡ ಇದ್ರೆ ಒಂದೂವರೆ.”

“ಅವ್ವೋರು ಕೂತು ಎಷ್ಟ್ ದಿನ ಆಯ್ತು?”

ಚಿಕ್ಕಪ್ಪ ಬೆರಳು ಎಣಿಸಿದರು. ಆಮೇಲೆ ಮೆಲ್ಲಗೆ, “ಶಿವರಾತ್ರಿ ಇಂದ್ಲೂವೆ” ಎಂದರು.

“ಎಲ್ಲಾ ಎದ್ಮೇಲೂ ಏಳ್ದೆ ಇರೋ ಉಳ್ವ ಏನ್ ಮಾಡ್ತೀರಿ ನೀವು? ಆರ್ಸಿ ಆಚೆಗ್ ಎಸೀತೀರಿ. ಇವ್ರನ್ನ ಏನ್ ಮಾಡೀರಿ?”

ಚಿಕ್ಕಪ್ಪನ ಕೈಯಲ್ಲಿದ್ದ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅವರು ಅಲ್ಲೇ ಜಗುಲಿಯ ಮೇಲೆ ಕೂತುಬಿಟ್ಟರು. ನನಗೆ ಹೆದರಿಕೆಯಾಯಿತು. ಸಂಕ್ರಾಂತಿಯ ‘ಅದೆ’, ‘ಅವೆ’, ಫೋನಿನ ‘ಸಂದಾಗಿವ್ನಿ’ ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಒಬ್ಬ ಹೆಂಗಸು ತಿಂಗಳುಗಟ್ಟಲೆ ಮಾತು ಕಳೆದುಕೊಳ್ಳುತ್ತಿದ್ದಳು, ನಾನು ಅದಕ್ಕೆ ನೂರಕ್ಕೆ ನೂರು ಅಂಕ ಕೊಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. “ಏನಮ್ಮ ತೊಂದ್ರೆ?” ಎಂದು ಕೇಳಿದಳು. ಚಿಕ್ಕವ್ವ ನೆಲ ನೋಡುತ್ತಾ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, “ಇವರಿಗೆ ಬಹುಶಃ ಖಿನ್ನತೆ...” ಎಂದು ಶುರು ಮಾಡಿದೆ. ಅಲ್ಲೂ ನನಗೆ ಪದದ್ದೇ ಚಿಂತೆ. ಡಾಕ್ಟರ್ ಕೈ ಎತ್ತಿ, “ಅವರೇ ಹೇಳ್ಲಿ ಮೇಡಂ” ಎಂದಳು. ಕಾದಳು. ಹೊರಗೆ ಅಷ್ಟು ಜನ ಸರತಿಯಲ್ಲಿ ಇದ್ದರೂ ಕಾದಳು.

ಚಿಕ್ಕವ್ವ ಮೊದಲು ನನ್ನ ಕಡೆ ನೋಡಿದಳು. ಅಪ್ಪಣೆ ಕೇಳುವ ಹಾಗೆ. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು.

“ಟೆನ್ಷನ್ನು ಕಣವ್ವ.”

ಡಾಕ್ಟರ್ ನಗಲಿಲ್ಲ, ತಿದ್ದಲಿಲ್ಲ. “ಎಲ್ಲಿದೆ ಟೆನ್ಷನ್ನು?” ಎಂದಳು. ಚಿಕ್ಕವ್ವ ಎದೆಯ ಕೆಳಗೆ ಅಂಗೈ ಇಟ್ಟು ತೋರಿಸಿದಳು. ಯಾವಾಗ ಜಾಸ್ತಿ ಎಂದರೆ ಬೆಳಿಗ್ಗೆ ಎಂದಳು. ಹೇಗಿರುತ್ತದೆ ಎಂದರೆ, “ಅರ್ಧ ಮೂಟೆ ಭತ್ತ ಮಡ್ಗದಂಗೆ. ಎದ್ದೇನ್ ಮಾಡ್ಲಿ ಅನ್ನಿಸ್ತದೆ” ಎಂದಳು. ಒಂದರ ಹಿಂದೆ ಒಂದರಂತೆ ಮಾತುಗಳು ಬಂದವು, ಜೊತೆಗೆ ಅಳುವೂ ಬಂತು. ನನ್ನ ಪಟ್ಟಿಯಲ್ಲಿದ್ದ ಯಾವ ಪದವೂ ಅವಳಿಗೆ ಬೇಕಾಗಲಿಲ್ಲ. ಕಾರಣ ಏನು ಎಂದು ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿದರು, ಯಾರಾದರೂ ಏನಾದರೂ ಅಂದರೇ ಎಂದು. ಡಾಕ್ಟರ್, ಕಾರಣ ಇದ್ದೇ ಬರಬೇಕು ಅಂತಿಲ್ಲ, ಇದೂ ಒಂದು ಕಾಯಿಲೆ, ವಾಸಿಯಾಗುತ್ತದೆ, ಆದರೆ ಒಂಟಿಯಾಗಿ ಬಿಡಬೇಡಿ ಎಂದಳು. ಚೀಟಿಯಲ್ಲಿ ತನ್ನ ಶಾಸ್ತ್ರದ ಬೇರೆ ಇಂಗ್ಲಿಷ್ ಪದ ಬರೆದುಕೊಂಡಳು. ನಾನು ಅದನ್ನು ಓದಲು ಹೋಗಲಿಲ್ಲ.

ವಾಸಿಯಾಗುವುದು ನಿಧಾನವಾಯಿತು. ಮಾತ್ರೆ ನುಂಗಿದ ಮೊದಲ ವಾರಗಳಲ್ಲಿ ಬರೀ ನಿದ್ದೆ. ಚಿಕ್ಕಪ್ಪ ತಿಂಗಳಿಗೊಮ್ಮೆ ಅವಳನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತಿದ್ದರು. ಗಡಿಯಾರಕ್ಕೆ ಸೆಲ್ಲು ಬಂತು, ಟಿವಿಯ ಮೇಲಿನ ಟವೆಲ್ ಹೋಯಿತು. ಕೆಂಪಮ್ಮ ದಿನಾ ಸೊಪ್ಪು ಹಾಕಿದ ಮೇಲೆ ಅರ್ಧ ಗಂಟೆ ಕೂತು, ಕೇಳಲಿ ಬಿಡಲಿ, ಊರಿನ ಸುದ್ದಿಯನ್ನೆಲ್ಲ ಅವಳಿಗೆ ಒಪ್ಪಿಸಿ ಹೋಗುತ್ತಿದ್ದಳು. ನಾನು ಪ್ರತಿ ಭಾನುವಾರ ಎರಡು ಬಸ್ಸು ಹತ್ತಿದೆ. ಹೋಗಿ ಮಾಡುವುದಾದರೂ ಏನು, ಪಕ್ಕದಲ್ಲಿ ಕೂತು ಸೊಪ್ಪು ಹೆಚ್ಚುವುದು. ನಾನು ಹೆಚ್ಚಿದ ಸೊಪ್ಪು ನೋಡಿದರೆ ಹುಳಗಳೇ ಮುಖ ತಿರುಗಿಸಬೇಕು, ಹಾಗಿತ್ತು. ಒಂದು ಭಾನುವಾರ ಚಿಕ್ಕವ್ವ ಏನೂ ಹೇಳದೆ ನನ್ನ ಕೈಯಿಂದ ಕುಡುಗೋಲು ಕಿತ್ತುಕೊಂಡು ತಾನೇ ಹೆಚ್ಚಿದಳು. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಚಿಕ್ಕಪ್ಪನ ಫೋನು ಬಂತು. ಆ ಕಡೆ ಗಲಾಟೆಯೋ ಗಲಾಟೆ. ಚಿಕ್ಕವ್ವ ಫೋನು ಕಿತ್ತುಕೊಂಡಳು.

“ನೋಡ್ ಮಗ ನಿಮ್ಮ ಚಿಕ್ಕಪ್ಪನ್ನ. ಒದ್ದೆ ಸೊಪ್ಪು ತಂದು ಆಕ್ತಾವ್ರೆ. ಉಳ ನಾಳೆ ನಾಳಿದ್ದು ಅಣ್ಣಾಗಿ ಗೂಡ್ ಕಟ್ತವೆ, ಈಗ ಒದ್ದೆ ಸೊಪ್ಪು ತಿಂದ್ರೆ ಬದುಕ್ತವಾ? ನಂಗೆ ಟೆನ್ಷನ್ ಆಗದೆ ಇದ್ದದಾ?”

ಚಿಕ್ಕಪ್ಪ ಫೋನು ತಗೊಂಡು, ಬೈಸಿಕೊಂಡವರ ದನಿಯೇ ಅಲ್ಲದ ದನಿಯಲ್ಲಿ, “ಕೇಳುಸ್ತಾ ಅವ್ವ? ಅಂದ್ಲು ಕಣವ್ವ, ಅಂದ್ಲು” ಎಂದರು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಸೊಪ್ಪು ಬೇಕೆಂದೇ ಒದ್ದೆ ಮಾಡಿದ್ದರೇನೋ ಎಂದು ನನಗೆ ಇವತ್ತಿಗೂ ಅನುಮಾನ. ಕೇಳಿದರೆ ಒಪ್ಪುವುದಿಲ್ಲ.

ಆ ಬೆಳೆಯದೇ ಈ ಗೂಡು. ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ತುಂಬ ಹುಳಗಳು ಗೂಡು ಕಟ್ಟಿದ್ದವು. ಬಿಡಿಸುವಾಗ ಚಿಕ್ಕವ್ವ ಒಂದನ್ನು ನನ್ನ ಕೈಗಿಟ್ಟಳು. ಆವತ್ತು ಧೈರ್ಯ ಮಾಡಿ ಕೇಳಿದೆ, ನನ್ನ ಮಾತಿಗೇ ಹೆದರಿ ಆ ಪದ ಬಿಟ್ಟೆಯಾ ಎಂದು.

“ನಿನ್ ಮಾತ್ಗೆ ಕಾಯ್ಲೆ ಬತ್ತದಾ? ಸುಮ್ಕಿರು” ಎಂದಳು ಮೊದಲು. ನಾಲ್ಕು ಗೂಡು ಬಿಡಿಸಿದ ಮೇಲೆ ಹೇಳಿದಳು. “ಟೆನ್ಷನ್ನು ಅಂದ್ರೆ ಯಾರಾರ ಒಬ್ರು ಯಾಕವ್ವ ಅಂತಾರೆ. ಅದುಕ್ಕೇ ಅಂತಿದ್ದೆ ಮಗ. ಆಮ್ಯಾಕೆ ಕೇಳೋರ್ಗೂ ಬೇಜಾರು ಅಂದ್ಯಲ್ಲ, ಯಾಕ್ ಬೇಕು ಅಂದ್ಕಂಡೆ.”

ಕಾಯಿಲೆ ನನ್ನಿಂದ ಬರಲಿಲ್ಲ ಎಂದು ಡಾಕ್ಟರೂ ಹೇಳಿದ್ದಳು, ನಂಬುತ್ತೇನೆ. ಆದರೆ ಕಾಯಿಲೆ ಬಂದಾಗ ಕೂಗಿ ಕರೆಯಲು ಅವಳಿಗಿದ್ದ ಒಂದೇ ಒಂದು ಪದವನ್ನು ನಾನು ಕಿತ್ತುಕೊಂಡಿದ್ದೆ. ಸ್ಟಾಫ್ ರೂಮಿನ ಗೋಡೆಯ ಹಾಳೆಯನ್ನು ಆ ವಾರವೇ ತೆಗೆದೆ. ಹರಿದು ಹಾಕಲಿಲ್ಲ. ಒಳ್ಳೆಯ ಪದಗಳು, ಅವುಗಳ ತಪ್ಪೇನಿದೆ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಭಾನುವಾರದ ಬಿಸಿಲು ಕಿಟಕಿ ದಾಟಿ ಡಬ್ಬಿಯ ಮೇಲೆ ಬಿದ್ದಿತ್ತು. ಭವ್ಯಳ ಚೀಟಿ ಮುಂದೆಯೇ ಇತ್ತು. ಇಷ್ಟು ತಿಳಿದವಳಿಗೆ ಮುಂದೇನು ಮಾಡಬೇಕು ಎಂದು ಗೊತ್ತಿರಬೇಕಲ್ಲವೇ? ಗೊತ್ತಿರಲಿಲ್ಲ. ಆ ಹುಡುಗಿ ಕೆಲವು ವಾರದಿಂದ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದಾಳೆ, ತಲೆಯೆತ್ತುವುದಿಲ್ಲ ಎಂಬುದು ಆಗಷ್ಟೇ ಹೊಳೆಯಿತು. ಚಿಕ್ಕವ್ವನಿಗೆ ಫೋನು ಮಾಡಿದೆ. ಅವಳು ಗೆಲುವಾಗಿಯೇ ಇದ್ದಳು. ಮನೆಯ ಮುಂದೆ ರಸ್ತೆ ಅಗೆದು ಬಿಟ್ಟುಹೋಗಿದ್ದಾರಂತೆ, ಕರು ಬೀಳುತ್ತದೇನೋ ಎಂದು ಅದೇ ಟೆನ್ಷನ್ ಅಂತೆ. ಯಾಕೆ, ಏನು, ಎಷ್ಟು ಅಗಲ ಎಂದು ಎಲ್ಲ ಕೇಳಿದೆ. ಅವಳ ಮಾತು ಮುಗಿದ ಮೇಲೆ ನಾನು ಹೇಳಿದೆ.

“ಚಿಕ್ಕವ್ವ, ನಂಗೂ ಟೆನ್ಷನ್ ಆಗ್ತಾ ಇದೆ.”

ಐವತ್ತು ದಾಟಿದ ಕನ್ನಡ ಟೀಚರ್ ಬಾಯಲ್ಲಿ ತನ್ನ ಸಲುವಾಗಿ ಆ ಪದ ಬಂದದ್ದು ಅದೇ ಮೊದಲು. ಆ ಕಡೆ ಸೊಪ್ಪಿನ ಕುಕ್ಕೆಯನ್ನು ಪಕ್ಕಕ್ಕೆ ಸರಿಸಿದ ಸದ್ದು, ಅವಳು ಕೂತ ಸದ್ದು ಕೇಳಿಸಿತು.

“ಯಾಕ್ ಮಗ?” ಎಂದಳು.

ಹೇಳಿದೆ. ಅವಳು ಪೂರ್ತಿ ಕೇಳಿ, “ಆ ಮಗೀಗೆ ಬುದ್ಧಿ ಪಾಠ ಮಾಡಕ್ ಓಗ್ಬೇಡ. ಪಕ್ಕದಾಗ್ ಕೂತ್ಕೊ. ಆ ಡಾಕ್ಟ್ರವ್ವ ಕೇಳುದ್ಲಲ್ಲ, ಅಂಗೆ ಕೇಳು” ಎಂದಳು.

ಸೋಮವಾರ ಮಧ್ಯಾಹ್ನ ಊಟದ ಬೆಲ್ಲಾದ ಮೇಲೆ ಭವ್ಯ ಕ್ಲಾಸಿನಲ್ಲಿ ಒಬ್ಬಳೇ ಉಳಿದಿದ್ದಳು. ಚೀಟಿಗೆ ಸಹಿ ಹಾಕಿ, ಒಂದು ಅಕ್ಷರವನ್ನೂ ಮುಟ್ಟದೆ, ತೆಗೆದುಕೊಂಡು ಹೋದೆ. ನನ್ನನ್ನು ಕಂಡು ಎದ್ದು ನಿಂತಳು. ಕೈಯಲ್ಲಿ ಕೆಂಪು ಪೆನ್ನಿದೆಯೇ ಎಂದು ನೋಡಿದಳು. ನಾನು ಹಿಂದಿನ ಬೆಂಚಿನಲ್ಲಿ, ಅವಳ ಪಕ್ಕದಲ್ಲಿ ಕೂತೆ. ಆ ಬೆಂಚು ನನ್ನಂಥವರಿಗೆ ಮಾಡಿದ್ದಲ್ಲ, ಮಂಡಿ ತಗುಲಿತು.

“ಎಲ್ಲಿದೆಯವ್ವ ಟೆನ್ಷನ್ನು?” ಎಂದು ಕೇಳಿದೆ.

ಅವಳು ನನ್ನ ಪಕ್ಕದಲ್ಲೇ ಮೆಲ್ಲಗೆ ಕೂತಳು. ಆಮೇಲೆ ಕೈ ಎತ್ತಿ ಗಂಟಲಿನ ಮೇಲಿಟ್ಟುಕೊಂಡಳು, ಮತ್ತು ಹೇಳತೊಡಗಿದಳು.